ಬೆವರು ಬೇರೆ, ಅಳು ಬೇರೆ

ನಮ್ಮವರು ಹೋಗುವ ಹಿಂದಿನ ದಿನ ಇಬ್ಬರಿಗೂ ರಜೆ ಇತ್ತು. ನಡುಮನೆಯಲ್ಲಿ ಯಾರದೋ ಮನೆಯ ಫ್ರಿಜ್ ನಿಂತಿತ್ತು, ಬೆನ್ನು ನಮ್ಮ ಕಡೆ ಮಾಡಿಕೊಂಡು. ರಜೆ ದಿನವೂ ಒಂದನ್ನು ಮನೆಗೆ ತಂದಿಟ್ಟುಕೊಳ್ಳುವುದು ನಮ್ಮವರ ಚಾಳಿ. ಫ್ರಿಜ್ ರಿಪೇರಿ ಅವರ ಕಸುಬು. ಬೀದಿಯಲ್ಲಿ ಅವರ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೂಲಿಂಗ್ ಅಣ್ಣ ಅಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಿದ್ದರು.

ಅವತ್ತು ನನ್ನ ಪಟ್ಟಿ ಬದಲಾಯಿಸುವ ದಿನ. ಪಟ್ಟಿ ಅಂದರೆ ಹಾರ್ಮೋನ್ ಪಟ್ಟಿ. ಮುಟ್ಟು ನಿಲ್ಲುವ ಕಾಲಕ್ಕೆ ಮೈಗೆ ಉರಿ ಏರುತ್ತದಲ್ಲ, ಅದಕ್ಕೆ ಡಾಕ್ಟರಮ್ಮ ಕೊಟ್ಟಿದ್ದು. ಈರುಳ್ಳಿ ಸಿಪ್ಪೆಯಷ್ಟು ತೆಳು. ಚರ್ಮಕ್ಕೆ ಅಂಟಿಸಿಕೊಂಡರೆ ಔಷಧಿ ಮೆಲ್ಲಗೆ ಒಳಗೆ ಇಳಿಯುತ್ತಾ ಇರುತ್ತದೆ. ವಾರಕ್ಕೆ ಎರಡು ಸಲ ಹಳೆಯದು ಕಿತ್ತು ಹೊಸದು ಹಾಕಬೇಕು. ಹೊಟ್ಟೆಯ ಮೇಲೆ ಹಾಕಿದರೆ ಲಾಡಿ ಉಜ್ಜಿ ಉಜ್ಜಿ ಎದ್ದು ಬರುತ್ತಿತ್ತು. ಅದಕ್ಕೆ ಸೊಂಟದ ಕೆಳಗೆ, ಹಿಂದುಗಡೆ. ಅಲ್ಲಿಗೆ ನನ್ನ ಕಣ್ಣು ಹೋಗುವುದಿಲ್ಲ. ಅಂಟಿಸುತ್ತಿದ್ದದ್ದು ಅವರು.

"ಕೈ ತೊಳ್ಕೊಂಡ್ರಾ? ಎಣ್ಣೆ ಕೈಯಲ್ಲಿ ಮುಟ್ಟಬೇಡಿ."

"ಸೋಪು ಹಾಕಿ ತೊಳೆದಿದ್ದೀನಿ ಕಣೆ. ಗಿರಾಕಿ ಫ್ರಿಜ್‌ಗೂ ಇಷ್ಟು ಮರ್ಯಾದೆ ಮಾಡಲ್ಲ ನಾನು."

"ನಾನೇನು ಫ್ರಿಜ್ಜಾ?"

"ಫ್ರಿಜ್ ಆಗಿದ್ದಿದ್ರೆ ಎಂದೋ ರಿಪೇರಿ ಆಗಿರ್ತಿದ್ದೆ. ನೀನು ಒಲೆ. ಒಲೆ ಕೆಲಸ ನಾನು ಕಲಿತಿಲ್ಲ."

ಅಂಟಿಸಿದ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿಯುತ್ತಿದ್ದರು. ಅಂಗೈ ಶಾಖಕ್ಕೆ ಅಂಟು ಚೆನ್ನಾಗಿ ಹಿಡಿಯುತ್ತದೆ ಅಂತ ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ನಮ್ಮವರು ಹೇಳಿದ್ದಕ್ಕಿಂತ ಜಾಸ್ತಿ ಹೊತ್ತೇ ಹಿಡಿಯುತ್ತಿದ್ದರು. ಹಾಗೆ ಹಿಡಿದುಕೊಂಡೇ ಊರ ಮೇಲಿನ ಮಾತೆಲ್ಲ ಆಡುತ್ತಿದ್ದರು.

ಅವತ್ತು ಆಡಿದ ಮಾತು ನನ್ನ ಔಷಧಿಯದ್ದು. ಆ ವಾರ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಿದ್ದೆವು. "ವರ್ಷ ಆಯ್ತು, ಚೆನ್ನಾಗಿದ್ದೀರಿ. ಕಡಿಮೆ ಶಕ್ತಿಯ ಪಟ್ಟಿಗೆ ಇಳಿದು ನೋಡಬಹುದು. ಅವಸರ ಇಲ್ಲ. ಯಾವಾಗ ಅಂತ ನೀವಿಬ್ರೂ ಯೋಚನೆ ಮಾಡಿ ಬನ್ನಿ" ಅಂದಿದ್ದರು. ನನಗೆ ಬೇಗ ಇಳಿಸಿಬಿಡಬೇಕು ಅಂತ. ಮೈಗೆ ಏನೋ ಅಂಟಿಸಿಕೊಂಡು ತಿರುಗುವುದು ನನಗೆ ಸರಿಬರುತ್ತಿರಲಿಲ್ಲ. ಅವರು ಬೇಡ ಅಂದರು.

"ಮುಂದಿನ ವಾರ ನಿನ್ನನ್ನ ರೋಲರ್‌ಗೆ ಹಾಕ್ತಾ ಇದ್ದಾರೆ ತಾನೆ?"

ನಾನು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಅಲ್ಲಿಯವರೆಗೆ ಬೆಡ್‌ಶೀಟ್ ಮಡಚುವ ಮೇಜಿನಲ್ಲಿದ್ದೆ. ಇನ್ನು ರೋಲರ್ ಇಸ್ತ್ರಿ ಯಂತ್ರಕ್ಕೆ ಹೋಗಬೇಕಿತ್ತು. ಅದು ಕುಲುಮೆ.

"ಹೌದು. ಅದಕ್ಕೂ ಇದಕ್ಕೂ ಏನು?"

"ಒಂದೇ ಸಲಕ್ಕೆ ಎರಡು ಪಾರ್ಟ್ ಬದಲಾಯಿಸಬಾರದು ಕಣೆ. ಆಮೇಲೆ ಕೆಟ್ಟರೆ ಯಾವುದು ಕೆಡಿಸ್ತು ಅಂತ ಗೊತ್ತಾಗಲ್ಲ. ನಾಳೆ ಬೆವರಿದರೆ ರೋಲರ್‌ಗೆ ಬೆವರಿದ್ಯಾ, ಪಟ್ಟಿ ಸಾಲದೆ ಬೆವರಿದ್ಯಾ, ಹೇಗೆ ಹೇಳ್ತೀಯಾ? ಮೊದಲು ರೋಲರ್ ಅಭ್ಯಾಸ ಆಗಲಿ. ಆಮೇಲೆ ಇಳಿಸೋಣ."

ಸರಿ ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಸಾಯಂಕಾಲ ಫ್ರಿಜ್ ರೆಡಿ ಆಯಿತು. ಒಬ್ಬರೇ ಅದನ್ನು ಬಾಗಿಲವರೆಗೆ ನೂಕಿಕೊಂಡು ಹೋದರು. ವಾಪಸ್ ಬಂದು ಫ್ಯಾನಿನ ಕೆಳಗೆ ಕೂತರು. ಮುಖ ಕತ್ತೆಲ್ಲ ನೀರು. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಟವೆಲ್ ತೆಗೆದುಕೊಂಡು ಒರೆಸಿಕೊಂಡರು.

"ನಿನ್ನ ಉರಿ ನನಗೂ ಅಂಟ್ತು ನೋಡೆ. ನನಗೂ ಒಂದು ಪಟ್ಟಿ ಹಾಕು."

"ಹಾಕ್ತೀನಿ ಇರಿ, ನಿಮಗೂ ಮುಟ್ಟು ನಿಂತಿರಬೇಕು."

ಇಬ್ಬರೂ ನಕ್ಕೆವು. ಊಟ ಮಾಡಿದೆವು. ಮಲಗಿದೆವು.

ಬೆಳಿಗ್ಗೆ ಆ ಫ್ರಿಜ್ ತಲುಪಿಸಿ, ಅಲ್ಲಿಂದ ಒಂದು ಬೇಕರಿಗೆ ಹೋಗಿದ್ದಾರೆ. ಅಲ್ಲಿ ಐಸ್ ಪೆಟ್ಟಿಗೆ ಕೆಟ್ಟಿತ್ತಂತೆ. ಅರ್ಧ ಬಿಚ್ಚಿ, "ಒಂದ್ನಿಮಿಷ ಕೂತ್ಕೋತೀನಿ, ನೀರು ಕೊಡಿ" ಅಂದರಂತೆ. ಬೇಕರಿಯವರು ನೀರು ತರುವಷ್ಟರಲ್ಲಿ ಮುಗಿದಿತ್ತು. ಹೃದಯ ಅಂದರು. ನಾನು ಹೋಗುವ ಹೊತ್ತಿಗೆ ಅವರ ಸ್ಕ್ರೂಡ್ರೈವರನ್ನು ಯಾರೋ ಜೋಪಾನವಾಗಿ ಅವರ ಜೇಬಿಗೆ ಸಿಕ್ಕಿಸಿದ್ದರು.

ನಮ್ಮವರು ಎಂಥವರು ಅಂತ ಹೇಳಬೇಕಾದರೆ ಆ ಔಷಧಿ ಶುರುವಾದ ಕಥೆಯನ್ನೇ ಹೇಳಬೇಕು. ಬೇರೆ ದೊಡ್ಡ ಕಥೆ ಏನೂ ಇಲ್ಲ ನಮ್ಮದು. ಮದುವೆಯಾದೆವು, ಒಬ್ಬಳು ಮಗಳು, ಅವಳನ್ನು ಓದಿಸಿದೆವು, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ಊರಿನ ಆ ಕಡೆ ತುದಿಗೆ ಹೋದಳು. ಅವಳು ಹೋದ ಮೇಲೆ ನನ್ನ ಮೈ ತಿರುಗಿ ಬಿತ್ತು.

ಎದೆಯಿಂದ ಎದ್ದು ಮುಖಕ್ಕೆ ಬರುವ ಉರಿ. ಒಂದು ಗಳಿಗೆ ಬೆಂಕಿ, ಇನ್ನೊಂದು ಗಳಿಗೆ ನಡುಕ. ನಿದ್ದೆ ಇಲ್ಲ. ನಿದ್ದೆ ಇಲ್ಲದವಳ ಬಾಯಿ ಹೇಗಿರುತ್ತದೆ ಹೇಳಿ. ಒಂದು ಸಲ ಉಪ್ಪು ಸ್ವಲ್ಪ ಕಡಿಮೆ ಅಂದರು ಅಂತ ತಟ್ಟೆ ಎತ್ತಿ ಬಚ್ಚಲಿಗೆ ಎಸೆದೆ. ಬೇರೆ ಗಂಡಸಾದರೆ ಕೈ ಎತ್ತುತ್ತಿದ್ದ, ಇಲ್ಲ ಎದ್ದು ಹೋಗುತ್ತಿದ್ದ. ಇವರು ಎದ್ದು ತಟ್ಟೆ ತಂದು ತೊಳೆದು ಇಟ್ಟರು.

"ಇದು ನೀನಲ್ಲ. ಇದು ಥರ್ಮೋಸ್ಟಾಟ್."

"ಏನದು?"

"ಫ್ರಿಜ್ ಒಳಗೆ ಒಂದು ಇರುತ್ತೆ. ಈಗ ತಂಪು ಸಾಕು, ಈಗ ಸಾಲದು ಅಂತ ಹೇಳೋದು ಅದೇ. ಅದು ಕೆಟ್ಟರೆ ಫ್ರಿಜ್ ಹೊಸದಾಗಿದ್ರೂ ಹುಚ್ಚು ಹಿಡಿದ ಹಾಗೆ ಆಡುತ್ತೆ. ನಿನ್ನದು ಕೆಟ್ಟಿದೆ."

ಮೊದಲು ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಮುಖ ಕೂಡ ನೋಡಲಿಲ್ಲ. "ವಯಸ್ಸಮ್ಮ, ಎಲ್ಲರಿಗೂ ಆಗುತ್ತೆ" ಅಂತ ನಿದ್ದೆ ಮಾತ್ರೆ ಬರೆದರು. ಆ ಮಾತ್ರೆ ತಿಂದು ನಾನು ಲಾಂಡ್ರಿಯಲ್ಲಿ ನಿಂತಲ್ಲೇ ತೂಕಡಿಸಿದೆ. ಆಮೇಲೆ ನಮ್ಮವರು ಯಾರ್ಯಾರದೋ ಮನೆಯ ಫ್ರಿಜ್ ರಿಪೇರಿ ಮಾಡುತ್ತಾ ಹೆಂಗಸರನ್ನು ಕೇಳಿಕೊಂಡು ಬಂದರು. "ನಾಚಿಕೆ ಆಗಲ್ವೇನ್ರೀ, ಕಂಡವರ ಮನೆ ಹೆಂಗಸರ ಹತ್ರ ಇದನ್ನೆಲ್ಲ ಕೇಳೋಕೆ?" ಅಂದೆ. "ಅವರೇ ಟೀ ಕೊಟ್ಟು ಕೂರಿಸಿಕೊಂಡು ಹೇಳ್ತಾರೆ. ಅವರ ಮನೆಯವರು ಕೇಳಲ್ವಂತೆ" ಅಂದರು.

ಹಾಗೆ ಸಿಕ್ಕವರು ಈ ಡಾಕ್ಟರಮ್ಮ. ಕ್ಲಿನಿಕ್ಕಿನಲ್ಲಿ ಗಂಡಸರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಇವರು ನನ್ನ ಜೊತೆ ಒಳಗೆ ಬಂದರು. ಡಾಕ್ಟರಮ್ಮ ಎಲ್ಲ ಕೇಳಿದರು. ರಕ್ತದೊತ್ತಡ ನೋಡಿದರು. ಎದೆ ಪರೀಕ್ಷೆ ಮಾಡಿಸಿದರು. ತಾಯಿಗೆ ಏನಿತ್ತು, ಅಕ್ಕತಂಗಿಯರಿಗೆ ಏನಿತ್ತು, ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಎಲ್ಲ. ಆಮೇಲೆ ಪಟ್ಟಿ ಮತ್ತು ರಾತ್ರಿ ಮಲಗುವ ಮುಂಚೆ ಒಂದು ಗುಳಿಗೆ ಅಂದರು. ಗರ್ಭಕೋಶ ಇರುವವರು ಬರೀ ಪಟ್ಟಿ ಹಾಕುವ ಹಾಗಿಲ್ಲ, ಗುಳಿಗೆಯೂ ಬೇಕು ಅಂದರು.

ನಮ್ಮವರು ಬಗ್ಗಿ ಕೇಳಿದರು, "ಇದು ಹಾಕಿದ್ರೆ ಬೇರೆ ಯಾವ ಪಾರ್ಟ್‌ಗೆ ತೊಂದರೆ ಡಾಕ್ಟ್ರೇ?"

ಡಾಕ್ಟರಮ್ಮ ನಕ್ಕುಬಿಟ್ಟರು. ಆದರೂ ಬಿಡಿಸಿ ಹೇಳಿದರು. ಎದೆಯಲ್ಲಿ ಗಂಟು ನೋಡಿಕೊಳ್ಳಬೇಕು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಓಡಿ ಬರಬೇಕು, ವರ್ಷಕ್ಕೊಂದು ಸಲ ಬೇಕಾ ಬೇಡವಾ ಅಂತ ಮತ್ತೆ ಯೋಚನೆ ಮಾಡಬೇಕು. ಯಾರಿಗೆ ಎಷ್ಟು ಬೇಕು, ಎಷ್ಟು ದಿನ ಬೇಕು ಅಂತ ಒಂದೇ ಲೆಕ್ಕ ಇಲ್ಲ ಅಂದರು.

ಆಮೇಲೆ ನನ್ನ ಮೇಲೆ ಕಣ್ಣಿಟ್ಟವರು ನಮ್ಮವರು. ನಾನು ಹೇಗಿದ್ದೇನೆ ಅಂತ ನನಗಿಂತ ಮುಂಚೆ ಅವರಿಗೆ ಗೊತ್ತಾಗುತ್ತಿತ್ತು. ಪಾತ್ರೆ ಇಡುವ ಸದ್ದಿನಲ್ಲಿ ಹೇಳುತ್ತಿದ್ದರು. "ಇವತ್ತು ಸದ್ದು ಕಡಿಮೆ ಆಗಿದೆ. ಹತ್ತಿದೆ ಔಷಧಿ." ಮತ್ತೊಂದು ದಿನ, "ಇವತ್ತು ಮುಚ್ಚಳ ಜೋರಾಗಿ ಬಿತ್ತು. ಪಟ್ಟಿ ಮೂಲೆ ಎದ್ದಿರಬೇಕು, ತಿರುಗು ನೋಡೋಣ." ನೋಡಿದರೆ ಎದ್ದಿರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ಕೆಟ್ಟ ಫ್ರಿಜ್‌ಗೆ ತಾನು ಕೆಟ್ಟಿದ್ದೇನೆ ಅಂತ ಗೊತ್ತಾಗುವುದಿಲ್ಲ. ಬಾಗಿಲು ತೆಗೆದವರಿಗೇ ಗೊತ್ತಾಗುವುದು.

ಅವರು ಹೋದ ಮೇಲೆ ಮನೆ ತುಂಬ ಜನ. ನಮ್ಮವರ ಅಕ್ಕ ಬಂದು ಉಳಿದುಕೊಂಡಳು. ನನಗೆ ಅತ್ತಿಗೆ ಆಗಬೇಕು, ಆದರೆ ನಾನೂ ಅಕ್ಕ ಅಂತಲೇ ಕರೆಯುವುದು. ನನ್ನ ಮೈ ಮೇಲೆ ಇದ್ದ ಪಟ್ಟಿ ನಮ್ಮವರೇ ಅಂಟಿಸಿದ್ದು. ಬದಲಾಯಿಸುವ ದಿನ ಬಂದು ಹೋಯಿತು, ನಾನು ಮುಟ್ಟಲಿಲ್ಲ. ಒಂದು ದಿನ ಬಟ್ಟೆ ಬದಲಾಯಿಸುವಾಗ ಅಕ್ಕ ನೋಡಿದಳು.

"ಇದೇನೇ ಅಂಟ್ಕೊಂಡಿದೆ?"

"ಔಷಧಿ ಅಕ್ಕಾ."

"ಯಾವ ಕಾಯಿಲೆಗೆ?"

"ಕಾಯಿಲೆ ಅಲ್ಲ. ಮುಟ್ಟು ನಿಲ್ಲೋ ಕಾಲಕ್ಕೆ. ಹಾರ್ಮೋನು."

"ಓ, ಅದಾ? ಹರೇದ ಔಷಧಿ. ಗಂಡ ಕಣ್ಣು ತಿರುಗಿಸದೆ ಇರಲಿ ಅಂತ ಹಾಕ್ಕೋತಾರಂತಲ್ಲ."

"ಅದಕ್ಕಲ್ಲ ಅಕ್ಕಾ, ಉರಿಗೆ..."

"ಯಾವುದಕ್ಕೋ. ಇನ್ನು ಯಾರಿಗೆ ಹಾಕ್ಕೋತೀಯಾ?"

ಅಂದವಳೇ ಉಗುರು ಕೊಟ್ಟು ಸರಕ್ಕನೆ ಕಿತ್ತಳು. ಕಸದ ಬುಟ್ಟಿಗೆ ಎಸೆದಳು. ಆಮೇಲೆ ಬುಟ್ಟಿಯಿಂದ ಎತ್ತಿಕೊಳ್ಳಬೇಕು ಅನ್ನಿಸಿತು. ಔಷಧಿಗಲ್ಲ. ಅವರ ಅಂಗೈ ಒತ್ತಿದ್ದು ಅಂತ. ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಅಷ್ಟಕ್ಕೇ ಬಿಟ್ಟಳಾ? ಮಾತಾಡಿಸಲು ಬಂದವರ ಮುಂದೆ ಹೇಳಿದಳು, "ಹಿಂದಿನ ದಿನ ನನ್ನ ತಮ್ಮ ಬೆವರ್ತಾ ಕೂತಿದ್ದನಂತೆ. ಇವಳು ತಮಾಷೆ ಮಾಡಿದ್ಲಂತೆ. ಮನೆ ತುಂಬ ಇವಳದೇ ಬೆವರು, ಅವನ ಬೆವರು ಯಾರ ಕಣ್ಣಿಗೆ ಬೀಳಬೇಕು?"

ಅದನ್ನು ಅವಳಿಗೆ ಹೇಳಿದವಳು ನಾನೇ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಜಗಳ ಆಡಬಹುದಿತ್ತು.

ಪಟ್ಟಿ ಬಿಟ್ಟೆ. ಗುಳಿಗೆಯೂ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಯಾರಿಗೆ ಹಾಕಿಕೊಳ್ಳಲಿ ಅನ್ನುವ ಮಾತು ಕಿವಿಯಲ್ಲೇ ಕೂತಿತ್ತು.

ಜನ ಖಾಲಿಯಾದರು. ನಾನು ಕೆಲಸಕ್ಕೆ ಹೋದೆ. ನನ್ನನ್ನು ರೋಲರಿಗೆ ಹಾಕಿದರು. ಮೊದಲೇ ಹೇಳಿದ್ದ ಬದಲಾವಣೆ, ಗಂಡ ಸತ್ತ ಅಂತ ನಿಲ್ಲಿಸುತ್ತಾರಾ? ಒದ್ದೆ ಬೆಡ್‌ಶೀಟನ್ನು ಒಬ್ಬಳು ಈ ಕಡೆಯಿಂದ ಕೊಡಬೇಕು, ಯಂತ್ರ ಎಳೆದುಕೊಂಡು ಒಣಗಿಸಿ ಇಸ್ತ್ರಿ ಮಾಡಿ ಆ ಕಡೆ ಬಿಡುತ್ತದೆ, ಇನ್ನೊಬ್ಬಳು ಹಿಡಿಯಬೇಕು. ಕೊಡುವವಳು ನನ್ನ ಹಳೇ ಜೊತೆಗಾತಿ. ಅವಳನ್ನು ರೇಡಿಯೋ ಅನ್ನುತ್ತೇವೆ. ನಿಜವಾದ ರೇಡಿಯೋಗಾದರೂ ಒಂದು ಕಿವಿ ಇದೆ, ತಿರುಗಿಸಿದರೆ ನಿಲ್ಲುತ್ತದೆ. ಇವಳು ನಿಲ್ಲುವುದಿಲ್ಲ. ಹಿಡಿಯುವವಳು ನಾನು.

ಉರಿ ವಾಪಸ್ ಬಂತು. ಮುಂಚಿನದಕ್ಕಿಂತ ಜೋರು. ರೋಲರ್ ಮುಂದೆ ನಿಂತರೆ ಹೊರಗಿನ ಬಿಸಿ ಯಾವುದು, ಒಳಗಿನ ಬಿಸಿ ಯಾವುದು ತಿಳಿಯುತ್ತಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಬೆವರೋ ಅಳುವೋ ಅದೂ ತಿಳಿಯುತ್ತಿರಲಿಲ್ಲ. ಎದೆ ಡವಡವ ಅನ್ನುತ್ತಿತ್ತು. ನಿದ್ದೆ ಇಲ್ಲ. ಊಟ ಮರೆಯುತ್ತಿದ್ದೆ. ಎಲ್ಲರೂ ದುಃಖ ಅಂದರು. ನಾನೂ ದುಃಖ ಅಂದುಕೊಂಡೆ. ದುಃಖಕ್ಕೆ ಔಷಧಿ ತೆಗೆದುಕೊಂಡರೆ ಅವರಿಗೆ ಮೋಸ ಮಾಡಿದ ಹಾಗೆ ಅಂತಲೂ ಅಂದುಕೊಂಡೆ.

ಒಂದು ದಿನ ಉರಿ ತಡೆಯಲಾರದೆ ಯಂತ್ರ ಬಿಟ್ಟು ಕಿಟಕಿ ಹತ್ತಿರ ಓಡಿದೆ. ಬಂದ ಬೆಡ್‌ಶೀಟನ್ನು ಹಿಡಿಯುವವರಿಲ್ಲದೆ ಅದು ಮತ್ತೆ ರೋಲರಿಗೆ ಸುತ್ತಿಕೊಂಡಿತು. ಸುಟ್ಟ ವಾಸನೆ. ಯಂತ್ರ ನಿಲ್ಲಿಸಿ ಕತ್ತರಿಸಿ ತೆಗೆದರು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಬೈಯಲಿಲ್ಲ. "ದುಃಖದಲ್ಲಿದ್ದೀರಮ್ಮ. ಸ್ವಲ್ಪ ದಿನ ಮನೆಯಲ್ಲಿರಿ. ಆಮೇಲೆ ನೋಡೋಣ" ಅಂದ. ಆಮೇಲೆ ನೋಡೋಣ ಅಂದರೆ ಏನು ಅಂತ ನನಗೆ ಗೊತ್ತಿಲ್ಲವಾ? ಗಂಡನೂ ಇಲ್ಲ, ಕೆಲಸವೂ ಇಲ್ಲ ಅಂದರೆ ನಾನು ಮಗಳ ಮನೆಯ ಮೂಲೆ.

ಮಗಳು ಬಂದಳು. ನಾನು ಔಷಧಿ ಬಿಟ್ಟಿದ್ದು ಅವಳಿಗೆ ಗೊತ್ತಿಲ್ಲ.

"ಅಮ್ಮಾ, ಡೋಸ್ ಜಾಸ್ತಿ ಮಾಡಿಸ್ಕೋ."

"ಯಾವುದರದ್ದು?"

"ಹಾರ್ಮೋನಿದು. ನಾನು ಫೋನಲ್ಲಿ ಓದಿದೆ. ಅಳು ಬರೋದು, ಮರೆಯೋದು, ಎಲ್ಲ ಅದರದ್ದೇ ಅಂತೆ. ಅಪ್ಪ ಹೋಗಿ ಇಷ್ಟು ತಿಂಗಳಾಯ್ತು, ಇನ್ನೂ ಹೀಗೆ ಅಳೋದು ಸರಿಯಲ್ಲ. ನಿಂಗೆ ಹಾರ್ಮೋನ್ ಕಡಿಮೆ ಆಗಿದೆ."

"ನಂಗೆ ನಿಮ್ಮಪ್ಪ ಕಡಿಮೆ ಆಗಿದ್ದಾರೆ."

"ಅದೇ ನೋಡು, ಏನು ಹೇಳಿದ್ರೂ ಹೀಗೇ ಕಚ್ಚೋಕೆ ಬರ್ತೀಯ. ನಂಗೂ ಅಪ್ಪನೇ ಅಲ್ವಾ ಅವರು? ನಾನು ಸಮಾಧಾನ ಮಾಡ್ಕೊಂಡಿಲ್ವಾ?"

"ನೀನು ಮಾಡ್ಕೋ. ನಿಂಗೆ ವಯಸ್ಸಿದೆ."

ಅವಳೂ ಅತ್ತಳು. ಅತ್ತುಕೊಂಡೇ ಚಪ್ಪಲಿ ಹಾಕಿಕೊಂಡು ಹೋದಳು. ಒಬ್ಬರಿಗೆ ನನ್ನ ಔಷಧಿ ಬೇಡ. ಇನ್ನೊಬ್ಬರಿಗೆ ನನ್ನ ಅಳು ಬೇಡ. ಇಬ್ಬರ ನಡುವೆ ನನ್ನ ಮೈ ಇದೆ, ಅದನ್ನು ಕೇಳುವವರಿಲ್ಲ.

ಕೊನೆಗೆ ಬಾಯಿ ಬಿಡಿಸಿದವಳು ರೇಡಿಯೋ. ಮನೆಗೆ ಬಂದಳು, ಬೆಡ್‌ಶೀಟ್ ಸುಟ್ಟ ವಾರ.

"ಏ, ಎದ್ದು ನಿಂತ್ಕೋ. ತಿರುಗು. ನೋಡು, ನಿನ್ನ ಬೆನ್ನು ಹಿಂಡದ ಬಟ್ಟೆ ಥರ ಇದೆ. ದುಃಖಕ್ಕೆ ಬೆನ್ನು ಬೆವರುತ್ತೇನೇ? ನಮ್ಮತ್ತೆ ಸತ್ತಾಗ ನಂಗೊಂದು ಹನಿ ಬೆವರಲಿಲ್ಲ."

"ನಿಮ್ಮತ್ತೆ ಸತ್ತಾಗ ನಿಂಗೆ ದುಃಖವೂ ಆಗಲಿಲ್ಲ."

"ಅದೂ ನಿಜ ಅನ್ನು. ಪಟ್ಟಿ ಹಾಕ್ತಾ ಇದ್ದೀಯಾ?"

ಸೆರಗಿನಲ್ಲಿ ಕತ್ತು ಒರೆಸಿಕೊಂಡೆ.

"ಬಿಟ್ಟಿದ್ದೀಯಾ? ಯಾರು ಹೇಳಿದ್ರು ಬಿಡು ಅಂತ?"

ಹೇಳಿದೆ. ಅಕ್ಕ ಅಂದದ್ದು, ಕಿತ್ತದ್ದು, ಬೆವರಿನ ತಮಾಷೆ, ಎಲ್ಲ ಹೇಳಿದೆ. ರೇಡಿಯೋ ಮೊದಲ ಸಲ ಮಾತು ನಿಲ್ಲಿಸಿದಳು. ಆಮೇಲೆ ಹೇಳಿದಳು, "ನಿನ್ನ ಗಂಡ ನಿನ್ನನ್ನ ಆ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದು ತನಗೋಸ್ಕರ ಅಂತ ಅಂದ್ಕೊಂಡ್ಯಾ? ತಟ್ಟೆ ಎಸೀತಿದ್ದೆ ಅಂತಾನಾ? ಹೋಗು, ಮುಖ ತೊಳ್ಕೋ. ನಾಳೆ ಹೋಗಿ ಬಾ. ನಾನು ಬರಲ್ಲ. ನಾನು ಬಂದ್ರೆ ಡಾಕ್ಟ್ರಿಗೆ ಮಾತಾಡೋಕೆ ಬಿಡಲ್ಲ."

ಒಬ್ಬಳೇ ಹೋದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಗಂಡಸರು ಕೂತಿದ್ದರು, ಒಬ್ಬೊಬ್ಬರೂ ಫೋನ್ ನೋಡಿಕೊಂಡು. ನೋಡಿ ಹೊಟ್ಟೆ ಉರಿಯಿತು. ಒಳಗೆ ಬಾರದ ಗಂಡಸರೆಲ್ಲ ಬದುಕಿದ್ದಾರೆ.

ಡಾಕ್ಟರಮ್ಮ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. "ಎಲ್ಲಿ ನಿಮ್ಮ ಮೆಕ್ಯಾನಿಕ್?"

ಹೇಳಿದೆ. ಅವರು ಪೆನ್ ಕೆಳಗಿಟ್ಟರು. ಎದೆನೋವು ಬಂದಿತ್ತಾ, ಮುಂಚೆ ಏನಾದರೂ ಹೇಳಿದ್ದರಾ ಅಂತ ಕೇಳಿದರು. ಬೆವರಿದ್ದು ಹೇಳಿದೆ. ನಕ್ಕಿದ್ದೂ ಹೇಳಿದೆ.

"ಭಾರ ತಳ್ಳಿ ಬಂದ ಮನುಷ್ಯ ಬೆವರಿದ್ರೆ ನಾನೂ ಏನೂ ಅಂದ್ಕೊಳ್ತಿರಲಿಲ್ಲ" ಅಂದರು. ಸಮಾಧಾನಕ್ಕೆ ಹೇಳಿದರೋ ನಿಜವೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ರಕ್ತದೊತ್ತಡ, ಎದೆ, ಹೊಟ್ಟೆ ಎಲ್ಲ ಮತ್ತೆ ನೋಡಿದರು. ಹೃದಯದ ಪರೀಕ್ಷೆಯೂ ಮಾಡಿಸಿದರು. ನನ್ನ ಹೃದಯ ಗಟ್ಟಿಯಾಗಿದೆಯಂತೆ. ಏನು ಮಾಡಲಿ ಅದನ್ನು ತೆಗೆದುಕೊಂಡು?

"ಯಾಕೆ ನಿಲ್ಲಿಸಿದ್ರಿ?"

"ಇನ್ನು ಯಾರಿಗೆ ಅಂದ್ರು."

"ಯಾರು?"

"ಗಂಡನ ಮನೆ ಕಡೆಯವರು."

"ಈ ಔಷಧಿ ಕಾಯೋ ಮೂಳೆ ನಿಮ್ಮದು, ನಿದ್ದೆ ನಿಮ್ಮದು. ಅವರನ್ನ ನನ್ನ ಹತ್ರ ಕಳಿಸಿ. ಈಗ ಹೇಳಿ, ಏನು ಬೇಕು ನಿಮಗೆ?"

ಯಾರೂ ಹಾಗೆ ಕೇಳಿರಲಿಲ್ಲ. ಯೋಚನೆ ಮಾಡಿ ಹೇಳಿದೆ. "ನನ್ನ ಅಳು ಯಾವುದು, ಕಾಯಿಲೆ ಯಾವುದು ಅಂತ ಗೊತ್ತಾಗಬೇಕು ಡಾಕ್ಟ್ರೇ. ಅಳೋದಾದ್ರೆ ಅವರಿಗೆ ಅಳಬೇಕು. ಹಾರ್ಮೋನಿಗೆ ಅಳೋಕೆ ನಂಗಿಷ್ಟ ಇಲ್ಲ. ಮಗಳು ಡೋಸ್ ಏರಿಸು ಅಂತಾಳೆ."

"ಏರಿಸಲ್ಲ. ಗಂಡ ಹೋದ ಹೆಂಗಸಿನ ಅಳು ನಿಲ್ಲಿಸೋಕೆ ನಾನು ಹಾರ್ಮೋನ್ ಕೊಡಲ್ಲ. ಇಳಿಸೋ ಮಾತೂ ಈಗ ಬೇಡ. ಮುಂಚೆ ಎಷ್ಟಿತ್ತೋ ಅಷ್ಟೇ ಮತ್ತೆ ಶುರು ಮಾಡೋಣ. ಉರಿ, ಬೆವರು, ನಿದ್ದೆ ಸರಿಹೋದರೆ ಅದು ಔಷಧಿ ಬಿಟ್ಟಿದ್ದಕ್ಕೆ ಬಂದಿತ್ತು. ಉಳಿದಿದ್ದು ನಿಮ್ಮ ದುಃಖ. ಆದರೆ ಊಟ ಸೇರದೆ, ಹಾಸಿಗೆ ಬಿಟ್ಟು ಏಳೋಕೇ ಆಗದೆ ಹೋದರೆ ಮುಚ್ಚಿಡಬೇಡಿ. ಅದಕ್ಕೆ ಬೇರೆ ಡಾಕ್ಟರ್ ಇದ್ದಾರೆ."

"ಪಟ್ಟಿ ಬೇಡ."

"ಯಾಕೆ? ಚೆನ್ನಾಗಿ ಹೊಂದಿತ್ತಲ್ಲ."

"ಅಂಟಿಸೋರಿಲ್ಲ."

ಹೊಟ್ಟೆಯ ಮೇಲೆ ಹಾಕಿಕೊಳ್ಳಬಹುದು, ತೊಡೆಯ ಮೇಲೆ ಹಾಕಿಕೊಳ್ಳಬಹುದು ಅಂತ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ಅದೇ ಔಷಧಿ ಜೆಲ್ ರೂಪದಲ್ಲಿ ಬರುತ್ತದೆ, ತೋಳಿಗೆ ಹಚ್ಚಿಕೊಳ್ಳುವುದು ಅಂದರು. "ಆದರೆ ಇಷ್ಟು ದೊಡ್ಡ ಏರುಪೇರು ಆಗಿರುವಾಗ ಔಷಧಿ ರೂಪವನ್ನೂ ಬದಲಾಯಿಸೋದು ಅಂದ್ರೆ... ಕೆಲವರಿಗೆ ಜೆಲ್ ಅಷ್ಟು ಹಿಡಿಯಲ್ಲ. ಆಗ ಬೆವರು ಉಳಿದರೆ ಯಾಕೆ ಉಳಿತು ಅಂತ ಹುಡುಕಬೇಕಾಗುತ್ತೆ. ಎರಡು ತಿಂಗಳು ಪಟ್ಟಿಯಲ್ಲೇ ಇದ್ದು ಆಮೇಲೆ ಜೆಲ್‌ಗೆ ಬರಬಹುದು. ಇಲ್ಲ ಈಗಲೇ ಬರಬಹುದು. ನೀವು ಹೇಳಿ."

ನಮ್ಮವರು ಇದ್ದಿದ್ದರೆ ಎರಡು ಪಾರ್ಟಿನ ಮಾತು ತೆಗೆಯುತ್ತಿದ್ದರು. ಕಾಯೋಣ ಅನ್ನುತ್ತಿದ್ದರು. ಅವರಿದ್ದಷ್ಟು ದಿನ ಆ ಮಾತು ಮೀರಿರಲಿಲ್ಲ. ಅವತ್ತು ನನಗೆ ಅವರ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಮೊದಲ ಸಲ. ನನಗೆ ಕಾಯು ಅಂದು, ತಾವು ಹೇಳದೆ ಕೇಳದೆ ಮನೆಯ ದೊಡ್ಡ ಪಾರ್ಟನ್ನೇ ಕಿತ್ತುಕೊಂಡು ಹೋದರು. ಇನ್ನು ಯಾವುದು ಬದಲಾಗದೆ ಉಳಿದಿದೆ ಅಂತ ನಾನು ಕಾಯಲಿ? ಆ ಪಟ್ಟಿಯ ಕಾಗದ ಸುಲಿದು, ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ, ನನ್ನ ಕೈಯನ್ನೇ ಹಿಂದಕ್ಕೆ ತಂದು ಒತ್ತಿ ಹಿಡಿದುಕೊಂಡು ನಿಲ್ಲುವುದು ವಾರಕ್ಕೆ ಎರಡು ಸಲ. ನನ್ನ ಕೈಯಲ್ಲಿ ಆಗದ ಕೆಲಸ ಅದು.

"ಈಗಲೇ ಬದಲಾಯಿಸಿ" ಅಂದೆ. "ಹಿಡಿಯದಿದ್ರೆ ಮತ್ತೆ ಬರ್ತೀನಿ."

ಡಾಕ್ಟರಮ್ಮ ಜೆಲ್ ಬರೆದರು. ಗುಳಿಗೆ ಬಿಡುವ ಹಾಗಿಲ್ಲ ಅಂತ ಎರಡು ಸಲ ಹೇಳಿದರು.

ಜೆಲ್ ಹಿಡಿಯಿತು. ಒಂದೇ ಸಲಕ್ಕಲ್ಲ. ಮೊದಲು ನಡುಕ ಹೋಯಿತು, ಆಮೇಲೆ ಬೆವರು ಇಳಿಯಿತು, ಆಮೇಲೆ ನಿದ್ದೆ. ಲಾಂಡ್ರಿಗೆ ವಾಪಸ್ ಹೋದೆ. ರೋಲರ್ ಬಿಸಿ ಬರೀ ರೋಲರ್ ಬಿಸಿ ಆಯಿತು. ರೇಡಿಯೋ ಆ ಕಡೆಯಿಂದ ಕೂಗುತ್ತಾಳೆ, "ಬೆನ್ನು ಒಣಗಿದೆ ಕಣೇ!" ಇಡೀ ಲಾಂಡ್ರಿಗೆ ಕೇಳಬೇಕು. ಈಗ ನನ್ನನ್ನು ಹೊರಗಿನಿಂದ ನೋಡಿ ಹೇಳುವವಳು ಅವಳೊಬ್ಬಳೇ. ಅವಳಿಗೆ ಕಾಣುವುದು ಬೆನ್ನು. ಪಾತ್ರೆ ಸದ್ದು ಕೇಳುವವರು ಯಾರೂ ಇಲ್ಲ.

ಅಳು ಮಾತ್ರ ಹೋಗಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದು ಅಳುತ್ತೇನೆ. ಮುಂಚೆ ಉರಿಯಲ್ಲಿ, ಮಂಪರಿನಲ್ಲಿ ಅಳುತ್ತಿದ್ದೆ, ಏನಕ್ಕೆ ಅಂತ ಕಲಸಿಹೋಗುತ್ತಿತ್ತು. ಈಗ ತಲೆ ತಿಳಿಯಾಗಿದೆ. ಏನು ಹೋಗಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಬೇಕು ಅಂತ ಕೇಳಿ ಪಡೆದದ್ದೇ ಅದು. ಮಗಳಿಗೆ ಹೇಳಿದೆ, "ಔಷಧಿ ಸರಿಯಾಗಿದೆ. ಡಾಕ್ಟ್ರು ನೋಡಿದ್ದಾರೆ. ಇದು ಬರೀ ಅಳು." ಕಾಯಿಲೆ ಆಗಿದ್ದರೆ ಅವಳಿಗೆ ಸುಲಭ ಇತ್ತು.

ಅಕ್ಕ ಒಂದು ದಿನ ಬಂದಳು. ಬಚ್ಚಲಮನೆಯ ಕಿಟಕಿಯಲ್ಲಿ ಜೆಲ್ ನೋಡಿದಳು.

"ಮತ್ತೆ ಶುರು ಮಾಡಿದ್ಯಾ? ಯಾರಿಗೆ ತೋರಿಸೋಕೆ?"

"ರೋಲರ್ ಯಂತ್ರಕ್ಕೆ ಅಕ್ಕಾ. ದಿನಾ ಅದರ ಮುಂದೆ ನಿಂತ್ಕೋಬೇಕಲ್ಲ."

ಟೀ ಕೊಟ್ಟೆ, ಲೋಟ ಹಿಡಿದುಕೊಂಡು ಕೂತಳು. ಆಮೇಲೆ ನನ್ನ ಮುಖ ನೋಡದೆ ಅಂದಳು, "ನಾನು ಎಷ್ಟೋ ವರ್ಷ ಉರಿದೆ. ಒದ್ದೆ ಬಟ್ಟೆ ಹೊದ್ದು ಮಲಗ್ತಿದ್ದೆ. ಯಾರೂ ಏನೂ ಕೊಡಲಿಲ್ಲ. ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ."

"ಅದಕ್ಕೆ ನಾನೂ ಉರೀಬೇಕಾ?"

ಟೀ ಕುಡಿದು ಲೋಟ ತೊಳೆದಿಟ್ಟು ಹೋದಳು. ಮತ್ತೆ ಬಂದಿಲ್ಲ. ನಾನೂ ಕರೆದಿಲ್ಲ.

ಮೊನ್ನೆ ಡಾಕ್ಟರಮ್ಮ ಕೇಳಿದರು, ವರ್ಷ ದಾಟಿತು, ಈಗ ಇಳಿಸೋಣವಾ ಅಂತ. ನಾನು ಈಗ ಬೇಡ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಪರೀಕ್ಷೆಗಳೆಲ್ಲ ಸರಿಯಿವೆ, ನಿಮ್ಮಿಷ್ಟ, ಮುಂದಿನ ಸಲ ಮತ್ತೆ ಮಾತಾಡೋಣ ಅಂದರು. ಇಳಿಸುವ ದಿನ ಬಂದಾಗ ಅದನ್ನು ಹೇಳುವವಳೂ ನಾನೇ. ತಪ್ಪಾದರೆ ಬೈಸಿಕೊಳ್ಳುವವರೂ ಇಲ್ಲ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ಮೈ ಚೆನ್ನಾಗಿ ಒರೆಸಿಕೊಳ್ಳುತ್ತೇನೆ. ಒದ್ದೆ ಚರ್ಮಕ್ಕೆ ಹಚ್ಚುವ ಹಾಗಿಲ್ಲ. ಜೆಲ್ಲನ್ನು ಅಂಗೈಗೆ ಒತ್ತಿಕೊಂಡು ತೋಳಿನ ಹೊರಗಡೆ, ಭುಜದಿಂದ ಮೊಣಕೈವರೆಗೆ ತೆಳ್ಳಗೆ ಸವರುತ್ತೇನೆ. ತಿಕ್ಕಬಾರದು. ಸ್ಪಿರಿಟ್ ವಾಸನೆ ಬರುತ್ತದೆ, ತಣ್ಣಗಾಗುತ್ತದೆ. ಒಣಗುವ ತನಕ ಬಟ್ಟೆ ತಾಗಬಾರದು. ತೋಳನ್ನು ಮೈಯಿಂದ ದೂರ ಇಟ್ಟುಕೊಂಡು ಬಚ್ಚಲಮನೆಯಲ್ಲಿ ನಿಂತಿರುತ್ತೇನೆ. ಒಣಗಿದ ಮೇಲೆ ಸೋಪು ಹಾಕಿ ಕೈ ತೊಳೆದು, ರವಿಕೆ ತೊಟ್ಟುಕೊಂಡು, ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋಗುತ್ತೇನೆ.